ಆಪ್ತ ಸಹಾಯಕಿಯ ಉದ್ಯೋಗ: ಮುಂಡಗೋಡಿನ ಟಿಬೆಟನ್ ಶಾಲೆಗಳ ನಿದರ್ಶನದೊಡನೆ ಒಂದು ಪಾಠ

ಕನ್ಯಾಶಾಲೆಯಲ್ಲಿ ಕಲಿತು ಹೊರಟ ಹುಡುಗಿಯು ಮುಂದೆ ಏನಾಗಬೇಕೆಂದು ಕೇಳಿದರೆ, ಉಪಾಧ್ಯಾಯಿನಿ, ದಾದಿ, ವೈದ್ಯೆ ಎಂಬ ಮೂರು ಉತ್ತರಗಳು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಸಿದ್ಧವಾಗಿರುವುವು. ಇವು ಮೂರೂ ಗೌರವದ ಕೆಲಸಗಳೇ ಸರಿ. ಆದರೆ ಇವುಗಳ ಸಾಲಿನಲ್ಲಿ ಸೇರಿಸತಕ್ಕ ನಾಲ್ಕನೆಯದೊಂದುಂಟು. ಅದು ಹಲವು ಶಾಲೆಗಳನ್ನು ನಡೆಯಿಸುವ ಸಂಸ್ಥೆಯ ಮುಖ್ಯಸ್ಥರ ಆಪ್ತ ಸಹಾಯಕಿಯ ಉದ್ಯೋಗ. ಇದನ್ನು ಬರಿಯ 'ಟೈಪು ಮಾಡುವ ಕೆಲಸ'ವೆಂದು ಹಗುರಾಗಿ ಎಣಿಸುವವರು ಬಹಳ ಮಂದಿ. ಆ ಎಣಿಕೆಯು ಸರಿಯೇ ಎಂಬುದನ್ನು ವಿಚಾರಿಸುವುದಕ್ಕಾಗಿ, ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನ ಟಿಬೆಟನ್ ಕಾಲೊನಿಯ ಶಾಲೆಗಳನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ.

1959ನೆಯ ಇಸವಿಯಲ್ಲಿ ದಲಾಯಿ ಲಾಮಾ ಅವರೂ ಅವರ ಹಿಂದೆ ಸಹಸ್ರಾರು ಜನರೂ ಹಿಮಾಲಯವನ್ನು ದಾಟಿ ಭಾರತಕ್ಕೆ ಬಂದರು. ನೆಲ, ಮನೆ, ಜೀವನೋಪಾಯ ಇವೆಲ್ಲವುಗಳೊಡನೆ ಮಕ್ಕಳ ವಿದ್ಯೆಯೂ ಅವರಿಗೆ ಮೊದಲ ಚಿಂತೆಯಾಯಿತು. 1960ರ ಮಾರ್ಚ್ ತಿಂಗಳಲ್ಲಿ ಮಸ್ಸೂರಿಯಲ್ಲಿ ಅವರ ಮೊದಲ ಶಾಲೆಯು ತೆರೆಯಿತು. ಮರುವರುಷವೇ ಭಾರತ ಸರಕಾರವು ಟಿಬೆಟನ್ ಶಾಲೆಗಳಿಗಾಗಿ ಒಂದು ಸ್ವಾಯತ್ತ ಆಡಳಿತ ಸಂಸ್ಥೆಯನ್ನು ಸ್ಥಾಪಿಸಿತು. ಎಸ್. ನಿಜಲಿಂಗಪ್ಪನವರು ಆಗಿನ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದಾಗ, 1966ರಲ್ಲಿ, ಮುಂಡಗೋಡಿನ ಬಳಿ ಸುಮಾರು 4,000 ಎಕರೆ ಅರಣ್ಯಭೂಮಿಯಲ್ಲಿ ಈ ಕಾಲೊನಿಯು ನೆಲೆಗೊಂಡಿತು. ಕಾಡು ಹೊಲವಾಯಿತು, ಕ್ಯಾಂಪುಗಳೆಂಬ ಊರುಗಳು ಎದ್ದವು, ಗಾಂದೆನ್, ದ್ರೆಪುಂಗ್ ಎಂಬ ಪುರಾತನ ಮಠಗಳು ಇಲ್ಲಿ ಮರುಹುಟ್ಟು ಪಡೆದವು, ಅವುಗಳ ನಡುವೆ ಮಕ್ಕಳ ಶಾಲೆಗಳೂ ಬೆಳೆದವು.

ಕೇಂದ್ರ ಸರಕಾರದ ಸಂಸ್ಥೆಯು ನಡೆಯಿಸುತ್ತಿದ್ದ ಶಾಲೆಗಳಲ್ಲಿ ಅನೇಕವು 2010ರ ದಶಕದಲ್ಲಿ ಹಂತಹಂತವಾಗಿ ಸಂಭೋಟ ಟಿಬೆಟನ್ ಶಾಲಾ ಸಂಘದ ಕೈಗೆ ಬಂದವು. ಏಳನೆಯ ಶತಮಾನದಲ್ಲಿ ಟಿಬೆಟನ್ ಲಿಪಿಯನ್ನು ರಚಿಸಿದನೆಂದು ಹೇಳಲಾಗುವ ಥೋನ್ಮಿ ಸಂಭೋಟನೆಂಬ ಮಂತ್ರಿಯ ಹೆಸರನ್ನು ಆ ಸಂಘಕ್ಕೆ ಇಟ್ಟಿರುವರು. ಅದರ ಮುಖ್ಯ ಕಚೇರಿಯಿರುವುದು ಹಿಮಾಚಲ ಪ್ರದೇಶದ ಧರ್ಮಶಾಲೆಯಲ್ಲಿ. ಮುಂಡಗೋಡಿನಿಂದ ಅಲ್ಲಿಗೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ಇಷ್ಟು ದೂರದಲ್ಲಿ ಕುಳಿತ ಮುಖ್ಯಸ್ಥರು ಪ್ರತಿಯೊಂದು ಶಾಲೆಯ ಸೋರುವ ಮಾಡನ್ನಾಗಲಿ, ಪ್ರತಿಯೊಬ್ಬ ಮಗುವಿನ ಮುಖವನ್ನಾಗಲಿ ಕಣ್ಣಾರೆ ಕಾಣಲಾರರು. ಅವರು ಕಾಣುವುದು ಕಾಗದಗಳ ಮೂಲಕ. ಆ ಕಾಗದಗಳನ್ನು ಓದಿ, ಹೊಂದಿಸಿ, ಮುಂದಿಡುವವಳು ಆಪ್ತ ಸಹಾಯಕಿ. ಅವಳು ತೋರಿಸಿದ್ದೇ ಅನೇಕ ವೇಳೆ ಅವರ ಪಾಲಿಗೆ ಶಾಲೆಯಾಗುತ್ತದೆ. ಈ ಉದ್ಯೋಗದ ಭಾರವೆಲ್ಲವೂ ಇದರಲ್ಲಿ ಅಡಗಿದೆ.

ಇನ್ನು ಇಂಥ ಸಂಸ್ಥೆಯಲ್ಲಿ ಅವಳು ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಕಾಲದ ನಿರ್ವಹಣೆ. ಮುಖ್ಯಸ್ಥರ ಪ್ರವಾಸ, ಸಭೆ, ತನಿಖೆಗಳ ದಿನಗಳನ್ನು ಗೊತ್ತುಮಾಡುವುದು ಸುಲಭವೆಂದು ತೋರಬಹುದು. ಆದರೆ ಟಿಬೆಟನ್ ಹೊಸವರುಷವಾದ ಲೋಸಾರ್ ಚಾಂದ್ರಮಾನದ ಹಬ್ಬವಾದುದರಿಂದ ಫೆಬ್ರವರಿ ಅಥವಾ ಮಾರ್ಚಿಯಲ್ಲಿ ಬರುತ್ತದೆ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಲಿಯ ವಾರ್ಷಿಕ ಪರೀಕ್ಷೆಗಳು ನಡೆಯುವುದೂ ಅದೇ ಸಮಯದಲ್ಲಿ. ಇದಲ್ಲದೆ ಕಾಲೊನಿಯ ಅನೇಕ ಕುಟುಂಬಗಳವರು ಚಳಿಗಾಲದಲ್ಲಿ ಸ್ವೆಟರ್ ಮಾರುವುದಕ್ಕಾಗಿ ದೂರದ ಪಟ್ಟಣಗಳಿಗೆ ಹೋಗುತ್ತಾರೆ. ಆಗ ಮಕ್ಕಳನ್ನು ನೋಡಿಕೊಳ್ಳುವವರು ಅಜ್ಜ ಅಜ್ಜಿಯರು, ಇಲ್ಲವೆ ವಸತಿಗೃಹದವರು. ಇದನ್ನರಿಯದೆ ಡಿಸೆಂಬರಿನಲ್ಲಿ ಪಾಲಕರ ಸಭೆ ಕರೆದರೆ ಕುರ್ಚಿಗಳು ಬರಿದಾಗಿಯೇ ಉಳಿದಾವು. ಹೊರದೇಶದ ಅತಿಥಿಗಳು ಬರುವುದಾದರೆ, ಕಾಲೊನಿಯನ್ನು ಪ್ರವೇಶಿಸಲು ಕೇಂದ್ರ ಗೃಹ ಇಲಾಖೆಯ ಅನುಮತಿಪತ್ರವನ್ನು ಮೊದಲೇ ಪಡೆದಿರಬೇಕು. ಆದುದರಿಂದ ಒಳ್ಳೆಯ ಸಹಾಯಕಿಯು ಗೋಡೆಯ ಮೇಲಿನ ಪಂಚಾಂಗವೊಂದನ್ನೇ ನೋಡದೆ, ಜನರ ಬಾಳಿನ ಪಂಚಾಂಗವನ್ನೂ ಓದತಕ್ಕವಳು.

ಎರಡನೆಯದು ಹೆಸರುಗಳ ಪಾಲನೆ. ಟಿಬೆಟನ್ ಜನರಲ್ಲಿ ಸಾಮಾನ್ಯವಾಗಿ ಮನೆತನದ ಹೆಸರಿಲ್ಲ. ದಲಾಯಿ ಲಾಮಾ ಅವರ ಹೆಸರಿನ ಮೊದಲ ಪದವಾದ ತೇನ್ಜಿನ್ ಎಂಬುದನ್ನು ಗಂಡುಹೆಣ್ಣೆಂಬ ಭೇದವಿಲ್ಲದೆ ಅಸಂಖ್ಯ ಮಕ್ಕಳಿಗೆ ಇಟ್ಟಿರುವರು. ಒಂದೇ ತರಗತಿಯಲ್ಲಿ ಹತ್ತು ಮಂದಿ ತೇನ್ಜಿನ್‌ರಿದ್ದರೆ ಆಶ್ಚರ್ಯವಿಲ್ಲ. ಹೆಸರು, ತಾಯಿತಂದೆಗಳ ಹೆಸರು, ಜನ್ಮದಿನ, ಕ್ಯಾಂಪಿನ ಸಂಖ್ಯೆ ಇವು ನಾಲ್ಕೂ ಕೂಡಿದರೆ ಮಾತ್ರ ಮಗುವಿನ ಗುರುತು ನಿಲ್ಲುತ್ತದೆ. ದಾಖಲೆಯಲ್ಲಿ ಒಂದು ಅಕ್ಷರವು ಬದಲಾದರೆ ಟಿ.ಸಿ., ಅಂಕಪಟ್ಟಿ, ಮುಂದೆ ಪೋಲೀಸು ಕಚೇರಿಯಲ್ಲಿ ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿಪತ್ರ, ಇವೆಲ್ಲ ಒಂದಕ್ಕೊಂದು ಹೊಂದದೆ ಹೋಗುವುವು. ನಿರಾಶ್ರಿತರಾಗಿ ಬಾಳುವವರಿಗೆ ಕಾಗದವೇ ನೆಲ. ಆ ನೆಲವನ್ನು ಕಾಯುವ ಕೆಲಸವು ಸಣ್ಣದೆಂದು ಯಾರು ಹೇಳಬಲ್ಲರು?

ಮೂರನೆಯದು ಪತ್ರವ್ಯವಹಾರ. ಬಂದ ಪತ್ರಕ್ಕೆ ಬಂದ ದಿನವೇ ಸಂಖ್ಯೆ ಹಾಕಬೇಕು. ಹೋಗುವ ಪತ್ರದ ಪ್ರತಿಯನ್ನು ಇಟ್ಟುಕೊಳ್ಳಬೇಕು. ಇ-ಮೇಲಿನ ಈ ದಿನಗಳಲ್ಲಿಯೂ ಈ ನಿಯಮವು ಹಳತಾಗಿಲ್ಲ. ಯೆರೆಮೀಯನ ಲೇಖಕನಾದ ಬಾರೂಕನನ್ನು ನೆನೆಯಿರಿ. ಅವನು ಬರೆದ ಸುರುಳಿಯನ್ನು ಅರಸನು ಬೆಂಕಿಗೆ ಹಾಕಿದಾಗ, ಪ್ರವಾದಿಯು ಮತ್ತೆ ಹೇಳಿದನು, ಬಾರೂಕನು ಮತ್ತೆ ಬರೆದನು. ಬರೆಯುವವನ ಹೆಸರು ಹಿಂದೆ ಉಳಿಯಿತು. ಬರೆದುದು ಮಾತ್ರ ಜಗತ್ತಿಗೆ ದೊರೆಯಿತು. ಭಾಷೆಗಳ ವಿಷಯದಲ್ಲಿಯೂ ಇಲ್ಲಿ ಎಚ್ಚರ ಬೇಕು. ತಾಲೂಕು ಕಚೇರಿಗೆ ಕನ್ನಡ, ದಿಲ್ಲಿಗೆ ಹಿಂದಿ ಮತ್ತು ಇಂಗ್ಲೀಷು, ಕ್ಯಾಂಪಿನ ಹಿರಿಯರಿಗೆ ಟಿಬೆಟನ್ ಬೇಕಾಗುವುದು. ಈ ಊರಿನ ಮಣ್ಣಿನ ಭಾಷೆಯನ್ನು ಚೆನ್ನಾಗಿ ಬಲ್ಲ ಹುಡುಗಿಯು ಅಂಥ ಕಚೇರಿಯಲ್ಲಿ ಸೇತುವೆಯಂತಿರುವಳು.

ನಾಲ್ಕನೆಯದು ಬಾಗಿಲು. ಮುಖ್ಯಸ್ಥರನ್ನು ಯಾರು ಕಾಣಬೇಕು, ಯಾರು ಕಾಯಬೇಕು ಎಂಬ ತೀರ್ಮಾನವು ಸಹಾಯಕಿಯ ಕೈಯಲ್ಲಿರುವುದು. ಕಾರಿನಿಂದಿಳಿದ ಗೃಹಸ್ಥರಿಗೆ ಒಳಗೆ ಕುರ್ಚಿ, ಹೊಲದಿಂದ ಬಂದ ಅಜ್ಜಿಗೆ ಹೊರಗೆ ಬಿಸಿಲು ಎಂದಾದರೆ ಶಾಲೆಯ ಹೆಸರು ಅಲ್ಲಿಯೇ ಕೆಡುವುದು. ಈ ಅಧಿಕಾರವು ಮದುವೆಗೆಂದು ಎರವು ತಂದ ಒಡವೆಯಂತೆ; ತೊಡಬಹುದು, ತನ್ನದೆನ್ನಬಾರದು.

ಐದನೆಯದು ಸತ್ಯ. ಇದು ಎಲ್ಲಕ್ಕಿಂತ ಕಠಿನವಾದುದು. ಟಿಬೆಟನ್ ಶಾಲೆಗಳಲ್ಲಿ ಮಕ್ಕಳ ಸಂಖ್ಯೆಯು ವರುಷದಿಂದ ವರುಷಕ್ಕೆ ಇಳಿಯುತ್ತ ಬಂದಿದೆ. ಕುಟುಂಬಗಳು ಚಿಕ್ಕವಾದವು, ಯುವಕರು ಪರದೇಶಗಳಿಗೆ ಹೋಗುತ್ತಿರುವರು, 2008ರ ತರುವಾಯ ಟಿಬೇಟಿನಿಂದ ಹೊಸದಾಗಿ ಬರುವವರು ಬಹಳ ವಿರಳರಾದರು. ಹೀಗಿರುವಾಗ ಒಂದು ಸಣ್ಣ ಶಾಲೆಯನ್ನು ಇನ್ನೊಂದರೊಡನೆ ಕೂಡಿಸಬೇಕೇ ಎಂಬ ಪ್ರಶ್ನೆಯು ಮುಖ್ಯಸ್ಥರ ಮೇಜಿಗೆ ಬಂದೇ ಬರುವುದು. ಕೂಡಿಸಿದರೆ ಉಪಾಧ್ಯಾಯರೂ ಹಣವೂ ಉಳಿಯಬಹುದು. ಆದರೆ ಏಳು ವರುಷದ ಮಗುವು ಅಜ್ಜಿಯ ಮಗ್ಗುಲನ್ನು ಬಿಟ್ಟು ವಸತಿಗೃಹದಲ್ಲಿ ಮಲಗಬೇಕಾದೀತು. ಮುಖ್ಯೋಪಾಧ್ಯಾಯಿನಿಯೊಬ್ಬಳು ಈ ಸಂಗತಿಯನ್ನು ನಾಲ್ಕು ಪುಟ ಬರೆದು ಕಳುಹಿಸಿದಳೆಂದುಕೊಳ್ಳಿರಿ. ಸಹಾಯಕಿಯು ಅದನ್ನು ಅರ್ಧ ಪುಟಕ್ಕೆ ಇಳಿಸುವಾಗ ಅಂಕಿಗಳನ್ನಷ್ಟೇ ಉಳಿಸಿದರೆ ಅರ್ಧ ಸತ್ಯವು ಕಳೆದುಹೋಯಿತು. ಕಣ್ಣೀರನ್ನಷ್ಟೇ ಉಳಿಸಿದರೆ ಉಳಿದರ್ಧವು ಕಳೆದುಹೋಯಿತು. ಎರಡನ್ನೂ ಇಟ್ಟು, ತನ್ನ ಅಭಿಪ್ರಾಯವನ್ನು ಕೇಳಿದಾಗ ಮಾತ್ರ ಬೇರೆಯಾಗಿ ಹೇಳುವುದೇ ಧರ್ಮ. ನಿರ್ಣಯವಾಗುವ ಮುನ್ನ ಅದರ ಸುದ್ದಿಯು ಅವಳ ಬಾಯಿಂದ ಹೊರಗೆ ಬೀಳಕೂಡದು. ತಪ್ಪು ಲೆಕ್ಕಕ್ಕೆ ಸಹಿ ಹಾಕಿಸುವ ಪ್ರಸಂಗ ಬಂದರೆ ಮುಖ್ಯಸ್ಥರೆದುರಿಗೇ ವಿನಯದಿಂದ 'ಇದು ಸರಿಯಲ್ಲ' ಎಂದು ಹೇಳುವ ಧೈರ್ಯವೂ ಅವಳಿಗಿರಬೇಕು. ಗುಟ್ಟು ಕಾಯುವುದು ಬೇರೆ, ಸುಳ್ಳನ್ನು ಕಾಯುವುದು ಬೇರೆ.

ಇಂಥ ಕೆಲಸಕ್ಕೆ ಹೆಣ್ಣುಮಕ್ಕಳು ತಕ್ಕವರೇ ಎಂದು ಸಂದೇಹಿಸುವವರು ಒಂದು ದೃಷ್ಟಾಂತವನ್ನು ಕೇಳಲಿ. 1960ರ ಮೇ ತಿಂಗಳಲ್ಲಿ, ರಸ್ತೆ ಕೆಲಸದ ಬಿಡಾರಗಳಿಂದ ಬಂದ 51 ಮಕ್ಕಳೊಡನೆ ಧರ್ಮಶಾಲೆಯಲ್ಲಿ ಒಂದು ಶಿಶುಗೃಹವು ಆರಂಭವಾಯಿತು. ಅದನ್ನು ನಡೆಯಿಸಿದವರು ದಲಾಯಿ ಲಾಮಾ ಅವರ ಅಕ್ಕನವರಾದ ತ್ಸೆರಿಂಗ್ ಡೋಲ್ಮಾ. 1964ರಲ್ಲಿ ಅವರು ತೀರಿಕೊಂಡಾಗ ತಂಗಿ ಜೆತ್ಸುನ್ ಪೇಮಾ ಅವರು ಆ ಭಾರವನ್ನು ಹೊತ್ತರು. ಇವರು ಕಾಲಿಂಪಾಂಗ್ ಮತ್ತು ದಾರ್ಜಿಲಿಂಗಿನ ಕ್ರೈಸ್ತ ಕನ್ಯಾಮಠದ ಶಾಲೆಗಳಲ್ಲಿ ಕಲಿತವರು. 2006ರ ವರೆಗೆ, 42 ವರುಷ, ಅವರು ಆ ಸಂಸ್ಥೆಯನ್ನು ಮುನ್ನಡೆಯಿಸಿದರು. ಒಂದು ಶಿಶುಗೃಹವು ಟಿಬೆಟನ್ ಮಕ್ಕಳ ಗ್ರಾಮಗಳೆಂಬ ಶಾಲಾಸಮೂಹವಾಗಿ, ನಮ್ಮ ಮೈಸೂರು ಜಿಲ್ಲೆಯ ಬೈಲಕುಪ್ಪೆಯ ವರೆಗೂ ಹಬ್ಬಿತು. ಒಂದೊಂದು ಮಗುವಿನ ಖರ್ಚನ್ನು ವಹಿಸಿದ ದೂರದೇಶದ ದಾನಿಗಳಿಗೆ ಪತ್ರ ಬರೆಯಿಸಿ, ಲೆಕ್ಕ ಒಪ್ಪಿಸಿ, ಆ ಸಂಬಂಧವನ್ನು ಬಿಡದೆ ಕಾಪಾಡಿದ ಕೈಗಳು ಎಷ್ಟೋ! ಅವರ ಹೆಸರುಗಳು ಅಚ್ಚಾಗಿಲ್ಲ. ಮಕ್ಕಳು ಮಾತ್ರ ಓದಿ ದೊಡ್ಡವರಾದರು. ಮುಂಡಗೋಡಿನಲ್ಲಿಯೇ 2016ರ ಡಿಸೆಂಬರಿನಲ್ಲಿ 20 ಮಂದಿ ಸಂನ್ಯಾಸಿನಿಯರು ಗೆಶೆಮಾ ಎಂಬ ಅತ್ಯುಚ್ಚ ಶಾಸ್ತ್ರಪದವಿಯನ್ನು ದಲಾಯಿ ಲಾಮಾ ಅವರ ಹಸ್ತದಿಂದ ಪಡೆದರು. ಸ್ತ್ರೀಯರಿಗೆ ಆ ಪದವಿಯು ಹಾಗೆ ಸಂದದ್ದು ಅದೇ ಮೊದಲು. ಯಾವ ಬಾಗಿಲೂ ಎಂದೆಂದಿಗೂ ಮುಚ್ಚಿರುವುದಿಲ್ಲ.

ಈ ಉದ್ಯೋಗವನ್ನು ಬಯಸುವ ವಿದ್ಯಾರ್ಥಿನಿಯು ಶಾಲೆಯಲ್ಲಿರುವಾಗಲೇ ನಾಲ್ಕು ಅಭ್ಯಾಸಗಳನ್ನು ಮಾಡಿಕೊಳ್ಳಲಿ: ಕೇಳಿದುದನ್ನು ಒಡನೆ ಬರೆದಿಡುವುದು; ಉದ್ದವಾದುದನ್ನು ಅರ್ಥ ಕೆಡದಂತೆ ಚಿಕ್ಕದು ಮಾಡುವುದು; ಲೆಕ್ಕವನ್ನು ಎರಡು ಸಾರಿ ಕೂಡುವುದು; ಕಂಡದ್ದನ್ನೆಲ್ಲ ಆಡದಿರುವುದು. ಗಣಕಯಂತ್ರದ ಕೆಲಸವನ್ನು ಕೆಲವು ತಿಂಗಳಲ್ಲಿ ಕಲಿಯಬಹುದು. ಈ ನಾಲ್ಕಕ್ಕೆ ವರುಷಗಳು ಬೇಕು.

ತಾಯಿತಂದೆಗಳಿಗೂ ಒಂದು ಮಾತು. ಮಗಳಿಗೆ ಇಂಥ ಕೆಲಸ ದೊರೆತಾಗ ಸಂಬಳವೆಷ್ಟೆಂದು ಕೇಳುವುದು ಯುಕ್ತವೇ. ಅದರೊಡನೆ ನೇಮಕದ ಆದೇಶವು ಬರೆಹದಲ್ಲಿದೆಯೇ, ಕೆಲಸದ ವೇಳೆಯು ಗೊತ್ತಾಗಿದೆಯೇ, ಪ್ರವಾಸದಲ್ಲಿ ತಂಗುವ ವ್ಯವಸ್ಥೆಯು ತಕ್ಕದ್ದಾಗಿದೆಯೇ ಎಂಬುದನ್ನೂ ವಿಚಾರಿಸಿರಿ. ಆಪ್ತ ಸಹಾಯಕಿಯೆಂದರೆ ಹಗಲಿರುಳೂ ಕರೆದಾಗ ಓಡಿಬರುವ ಆಳಲ್ಲ. ತನ್ನ ಮಾನವನ್ನು ಕಾಯ್ದುಕೊಂಡವಳೇ ಸಂಸ್ಥೆಯ ಮಾನವನ್ನು ಕಾಯಬಲ್ಲಳು.

ದೀಪವನ್ನು ಎಲ್ಲರೂ ನೋಡುವರು. ಬತ್ತಿಯನ್ನು ಸರಿಮಾಡಿ ಎಣ್ಣೆ ಹಾಕಿದ ಕೈಯನ್ನು ನೋಡುವವರು ಕಡಿಮೆ. ಆದರೆ ಎಣ್ಣೆ ತೀರಿದ ದಿನ ಕತ್ತಲೆಯು ಮಕ್ಕಳ ಪುಸ್ತಕದ ಮೇಲೆಯೇ ಬೀಳುವುದು. ನಮ್ಮ ಶಾಲೆಯ ಹೆಣ್ಣುಮಕ್ಕಳಲ್ಲಿ ಕೆಲವರಾದರೂ ಈ ಸೇವೆಯನ್ನು ಆರಿಸಿಕೊಂಡು, ದೇವರ ಕೃಪೆಯಿಂದ ನಂಬಿಗಸ್ತರಾಗಿ ನಡೆದುಕೊಳ್ಳಲಿ ಎಂಬುದೇ ನಮ್ಮ ಹಾರೈಕೆ.