ಹತ್ತನೆಯ ತರಗತಿ ಮತ್ತು ದುಡಿಮೆಯ ಲೆಕ್ಕ

2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14 ವರ್ಷದವರೆಗೆ, ಎಂಟನೆಯ ತರಗತಿಯವರೆಗೆ ಮಾತ್ರ. ಮುಂದಿನ ಎರಡು ವರ್ಷ ಮಗು ಶಾಲೆಯಲ್ಲಿ ಉಳಿಯುವುದು ಮನೆಯವರ ನಿರ್ಧಾರವನ್ನು ಅವಲಂಬಿಸಿದೆ. ಆದ್ದರಿಂದ ಒಂಬತ್ತನೆಯ ತರಗತಿಯ ಶಿಕ್ಷಕರ ಹೊಣೆ ಉಳಿದವರಿಗಿಂತ ದೊಡ್ಡದು.

"ಹತ್ತು ಕಲತರೂ ಮಗ್ಗಾನ ನಡಸಬೇಕಲ್ರೀ ಸರ" ಎಂಬ ಪಾಲಕರ ಮಾತನ್ನು ಅಜ್ಞಾನವೆಂದು ತಳ್ಳಿಹಾಕಬಾರದು. ಇಚಲಕರಂಜಿಗೆ ಮೊದಲ ಯಂತ್ರಮಗ್ಗ ಬಂದದ್ದು 1904ರಲ್ಲಿ. ಅಂದಿನಿಂದ ಈ ಊರು ಓದು ಬಿಟ್ಟವರಿಗೂ ಅನ್ನ ಕೊಟ್ಟಿದೆ. ಮಜೂರಿಯು ನೇಯ್ದ ಬಟ್ಟೆಯ ಮೀಟರಿನ ಮೇಲೆ ನಿಗದಿಯಾಗುವುದರಿಂದ ಕೈಚಳಕವುಳ್ಳ ಹುಡುಗನು ಬಹುಬೇಗ ಹಿರಿಯರ ಸಮಕ್ಕೆ ಗಳಿಸುತ್ತಾನೆ. ತೊಡಕು ಇರುವುದೂ ಅಲ್ಲಿಯೇ. ಇಪ್ಪತ್ತರ ಕೈಗೂ ನಲವತ್ತೈದರ ಕೈಗೂ ಮೀಟರಿನ ದರ ಒಂದೇ. ಅನುಭವಕ್ಕೆ ಪ್ರತ್ಯೇಕ ಬೆಲೆಯಿಲ್ಲ, ಕಣ್ಣು ಮಂದವಾದರೆ ಗಳಿಕೆಯೂ ಇಳಿಯುತ್ತದೆ.

ಇದನ್ನು ಉಪದೇಶವಾಗಿ ಹೇಳುವುದಕ್ಕಿಂತ ಗಣಿತದ ಅವಧಿಯಲ್ಲಿ ಕೋಷ್ಟಕವಾಗಿ ಬರೆಸುವುದು ಮೇಲು. ಅಂಕಿಗಳು ಕಾಲ್ಪನಿಕವಾಗಿರಲಿ. ಎಂಟನೆಯ ತರಗತಿಗೆ ಶಾಲೆ ಬಿಟ್ಟವನಿಗೆ ತಿಂಗಳಿಗೆ ₹8,000, ವರ್ಷಕ್ಕೊಮ್ಮೆ ₹300 ಏರಿಕೆ. ಇನ್ನೊಬ್ಬನು ಎರಡು ವರ್ಷ ಶಾಲೆ, ಎರಡು ವರ್ಷ ಐಟಿಐ ಮುಗಿಸಿ, ಐದನೆಯ ವರ್ಷ ₹11,000ದಿಂದ ಆರಂಭಿಸಿ ವರ್ಷಕ್ಕೆ ₹1,000 ಏರಿಕೆ ಪಡೆಯುತ್ತಾನೆ. ಹನ್ನೊಂದನೆಯ ವರ್ಷದ ಕೊನೆಗೆ ಮೊದಲನೆಯವನ ಒಟ್ಟು ಗಳಿಕೆ ₹12,54,000, ಎರಡನೆಯವನದು ₹11,76,000. ಅಂದರೆ ಹನ್ನೊಂದು ವರ್ಷ ತಂದೆಯ ಮಾತೇ ಸರಿ! ಇದನ್ನು ಮರೆಮಾಚದೆ ಒಪ್ಪಿಕೊಂಡರೆ ಮಾತ್ರ ಪಾಲಕರು ನಮ್ಮನ್ನು ನಂಬುತ್ತಾರೆ. ಹನ್ನೆರಡನೆಯ ವರ್ಷದ ಕೊನೆಗೆ ₹13,89,600ಕ್ಕೆ ಎದುರಾಗಿ ₹13,92,000 ಆಗುತ್ತದೆ. ಆ ವರ್ಷ ಮೊದಲನೆಯವನ ತಿಂಗಳ ಗಳಿಕೆ ₹11,300, ಎರಡನೆಯವನದು ₹18,000. ಇಬ್ಬರಿಗೂ ಆಗ ಸುಮಾರು ಇಪ್ಪತ್ತಾರು ವಯಸ್ಸು. ಮುಂದೆ ಮೂವತ್ತು ವರ್ಷದ ದುಡಿಮೆ ಬಾಕಿಯಿದೆ. ತಮ್ಮ ಓಣಿಯಲ್ಲಿ ವಿಚಾರಿಸಿ ತಂದ ನಿಜವಾದ ಮಜೂರಿಯನ್ನು ಹಾಕಿ ಮಕ್ಕಳು ಲೆಕ್ಕವನ್ನು ಪುನಃ ಮಾಡಲಿ. ಹತ್ತನೆಯ ತರಗತಿಯಲ್ಲಿ ಇದನ್ನೇ ಸಮಾಂತರ ಶ್ರೇಢಿಯ ಉದಾಹರಣೆಯಾಗಿ ಬಳಸಬಹುದು.

ಕಲ್ಪನೆಯ ಅಂಕಿಗಳ ಜೊತೆಗೆ ಸರಕಾರದ ಅಂಕಿಯೂ ಇರಲಿ. ಅಪ್ರೆಂಟಿಸ್ ತರಬೇತಿಯ 2019ರ ತಿದ್ದುಪಡಿ ನಿಯಮಗಳು 5ರಿಂದ 9ನೆಯ ತರಗತಿ ಕಲಿತವರಿಗೆ ತಿಂಗಳಿಗೆ ಕನಿಷ್ಠ ₹5,000, ಹತ್ತು ಮುಗಿಸಿದವರಿಗೆ ₹6,000, ಹನ್ನೆರಡು ಮುಗಿಸಿದವರಿಗೆ ₹7,000 ವಿದ್ಯಾವೇತನವನ್ನು ಗೊತ್ತುಪಡಿಸಿದವು. ಐಟಿಐಯಲ್ಲಿ ವೈರ್‌ಮನ್, ವೆಲ್ಡರ್ ವೃತ್ತಿಗಳಿಗೆ ಎಂಟನೆಯ ತರಗತಿ ಸಾಕು. ಇಲೆಕ್ಟ್ರಿಷಿಯನ್, ಫಿಟ್ಟರ್ ಆಗಲು ಗಣಿತ, ವಿಜ್ಞಾನಗಳೊಡನೆ ಹತ್ತು ಮುಗಿದಿರಬೇಕು. ಶಿರೋಲಿ, ಗೋಕುಳ ಶಿರಗಾಂವದ ಎರಕದ ಕಾರ್ಖಾನೆಗಳನ್ನೂ ಗಡಹಿಂಗ್ಲಜ ಭಾಗದ ಸಕ್ಕರೆ ಕಾರ್ಖಾನೆಯನ್ನೂ ಬಲ್ಲ ಮಕ್ಕಳಿಗೆ ಈ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಲ್ಲಿ ದೇಶಗಳಿಗೆ ಹೋಗಬಯಸುವವರಿಗೂ ಒಂದು ಅನುಕೂಲವಿದೆ: ಹತ್ತು ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿಯ ಮುದ್ರೆ ಬೇಕಾಗುವುದಿಲ್ಲ. ಹೆಣ್ಣುಮಕ್ಕಳ ಮನೆಯಲ್ಲಿ ಮದುವೆಯ ಮಾತೇ ಮೊದಲು ಬರುತ್ತದೆ. ಅಲ್ಲಿ ಊರಲ್ಲಿಯೇ ಸಿಗಬಹುದಾದ ಅಂಗನವಾಡಿಯ ಕೆಲಸಕ್ಕೂ ಈಗ ಹನ್ನೆರಡು ಕಲಿತಿರಬೇಕೆಂಬುದನ್ನು ತಾಯಂದಿರಿಗೆ ತಿಳಿಸಿರಿ.

ಕನ್ನಡ ಮಾಧ್ಯಮದಲ್ಲಿ ಓದಿದವರ ಮುಂದಿನ ಪಾಠಗಳು ಮರಾಠಿ, ಇಂಗ್ಲಿಷಿನಲ್ಲಿ ನಡೆಯುತ್ತವೆ ಎಂಬ ಅಂಜಿಕೆಯೂ ಕೆಲವು ಮಕ್ಕಳನ್ನು ಹಿಂದಕ್ಕೆ ಎಳೆಯುತ್ತದೆ. ವಿಜ್ಞಾನದ ಪಾರಿಭಾಷಿಕ ಪದಗಳನ್ನು ಕನ್ನಡದ ಪಕ್ಕದಲ್ಲಿ ಮರಾಠಿಯಲ್ಲಿಯೂ ಬರೆಸುತ್ತ ಹೋದರೆ ಆ ಅಂಜಿಕೆ ಬಹಳಷ್ಟು ಕಡಿಮೆಯಾಗುತ್ತದೆ.

ಅನುತ್ತೀರ್ಣರಾದವರ ಹೆಸರನ್ನು ಹಾಜರಿ ಪುಸ್ತಕದೊಡನೆ ಮುಚ್ಚಿಡಬೇಡಿರಿ. ಜುಲೈ ಸುಮಾರಿನಲ್ಲಿ ಪುರವಣಿ ಪರೀಕ್ಷೆ ನಡೆಯುತ್ತದೆ; ಒಂದೆರಡು ವಿಷಯ ಉಳಿದವರಿಗೆ ಎಟಿಕೆಟಿ ಸೌಲಭ್ಯದಿಂದ ಹನ್ನೊಂದನೆಯ ತರಗತಿಗೆ ಪ್ರವೇಶವುಂಟು. ಈಗಾಗಲೇ ಮಗ್ಗಕ್ಕೆ ಹೋಗಿರುವವರು 17ನೆಯ ನಮೂನೆಯ ಅರ್ಜಿ ತುಂಬಿ ಖಾಸಗಿಯಾಗಿ ಪರೀಕ್ಷೆಗೆ ಕೂರಬಹುದು. ಅರ್ಜಿಯೊಡನೆ ಶಾಲೆ ಬಿಟ್ಟ ದಾಖಲೆ ಬೇಕಾಗುತ್ತದೆ. ಅದನ್ನು ಕೇಳಲು ಬಂದ ಹುಡುಗನನ್ನು "ನಾಳೆ ಬಾ" ಎಂದು ಕಳಿಸಿದರೆ ಅವನ ಒಂದು ದಿನದ ಮಜೂರಿ ಹೋಗುತ್ತದೆ, ಬಹುಶಃ ಅವನು ತಿರುಗಿ ಬರುವುದೂ ಇಲ್ಲ.