ಬೀದಿಯ ತೊಟ್ಟಿಯಲ್ಲಿ ನೀರಿನ ನಡೆ

ಇಂಗ್ಲೆಂಡಿನ ಟಾಡ್‌ಮರ್ಡನ್ ಪಟ್ಟಣದಲ್ಲಿ 2008ರಲ್ಲಿ ಸ್ವಯಂಸೇವಕರು ಸಾರ್ವಜನಿಕ ಸ್ಥಳಗಳಲ್ಲಿ ಸೊಪ್ಪು ತರಕಾರಿಗಳನ್ನು ಬೆಳೆಯತೊಡಗಿದರು. ರೈಲು ನಿಲ್ದಾಣದಲ್ಲಿಯೂ ಪೊಲೀಸ್ ಠಾಣೆಯ ಮುಂದೆಯೂ ಗಿಡಗಳೆದ್ದವು, ಬೇಕಾದವರು ಕಿತ್ತುಕೊಳ್ಳಬಹುದು. ಹೀಗೆ ಹಲವರು ಕೂಡಿ ತೊಟ್ಟಿಯಲ್ಲಿ ನೆಟ್ಟ ಗಿಡ ನೀರಿಲ್ಲದೆ ಒಣಗುವುದುಂಟು. ನೀರು ನಿಂತು ಕೊಳೆಯುವುದೂ ಉಂಟು. ನೀರು ಬಸಿಯಲೆಂದು ತಳದಲ್ಲಿ ಜಲ್ಲಿ ಹರಡುವುದು ವಾಡಿಕೆ. ಇದು ಸರಿಯೆ? ನಾವು ಪರಿಶೀಲಿಸೋಣ.

ಸೂಕ್ಷ್ಮ ರಂಧ್ರಗಳಲ್ಲಿ ನೀರು ತಾನಾಗಿ ಮೇಲೇರುತ್ತದೆ. 1 ಮಿಲಿಮೀಟರ್ ತ್ರಿಜ್ಯದ ಗಾಜಿನ ನಳಿಗೆಯಲ್ಲಿ ಸುಮಾರು 1.5 ಸೆಂಟಿಮೀಟರ್ ಏರಿದರೆ, 0.1 ಮಿಲಿಮೀಟರ್ ತ್ರಿಜ್ಯದ್ದರಲ್ಲಿ 15 ಸೆಂಟಿಮೀಟರ್ ಏರುತ್ತದೆ. ಇದೇ ಲೋಮನಾಳ ಕ್ರಿಯೆ. ಮಣ್ಣಿನ ಕಿರುರಂಧ್ರಗಳೂ ಹೀಗೆಯೇ ನೀರನ್ನು ಹಿಡಿದಿಡುತ್ತವೆ. ಜಲ್ಲಿಯ ದೊಡ್ಡ ಸಂದುಗಳಿಗೆ ಆ ಬಲವಿಲ್ಲ. ಆದುದರಿಂದ ಮಣ್ಣಿನ ಕೆಳಭಾಗ ಪೂರ್ತಿ ತೊಯ್ದ ಹೊರತು ನೀರು ಜಲ್ಲಿಗೆ ಇಳಿಯದು. ಜಲ್ಲಿಯಿಂದ ಆ ಒದ್ದೆ ಪದರ ಮೇಲಕ್ಕೆ ಸರಿದು ಬೇರಿಗೆ ಸಮೀಪವಾಗುತ್ತದೆ, ಅಷ್ಟೆ. ಗಾಳಿ ದೊರೆಯದ ಬೇರು ಕೊಳೆಯುತ್ತದೆ.

ಒಂದು ಪ್ರಯೋಗ ಮಾಡೋಣ. ನೆನೆದ ಸ್ಪಂಜನ್ನು ಮಟ್ಟಸವಾಗಿ ಹಿಡಿಯೋಣ. ಹನಿಯುವುದು ನಿಂತ ಮೇಲೆ ನೆಟ್ಟಗೆ ನಿಲ್ಲಿಸಿದರೆ ಮತ್ತಷ್ಟು ನೀರು ಸುರಿಯುವುದು. ಎತ್ತರ ಹೆಚ್ಚಿದರೆ ನೀರು ಹೆಚ್ಚು ಬಸಿಯುವುದೆಂದು ಇದರಿಂದ ತಿಳಿಯುತ್ತದೆ. ಆದುದರಿಂದ ತೊಟ್ಟಿ ಆಳವಾಗಿರಲಿ; ತಳದಲ್ಲಿ ರಂಧ್ರಗಳಿರಲಿ; ತಳದಿಂದ ಮೇಲಿನವರೆಗೂ ಮಣ್ಣೇ ಇರಲಿ.