ಮರ ಹತ್ತದೆ ಕೊಂಬೆ ಕತ್ತರಿಸುವುದು

ಮೇಕೆಗೆ ಸೊಪ್ಪು ಬೇಕು. ಹುಣಸೆ ಮರದಲ್ಲಿ ಒಣಗಿದ ಕೊಂಬೆ ಇದೆ. ಮನೆಯ ಮೇಲೆ ಬೇವಿನ ಕೊಂಬೆ ಬಾಗಿದೆ. ಆಗ ನೀವು ಏನು ಮಾಡುತ್ತೀರಿ? ಕುಡುಗೋಲು ಕಟ್ಟಿದ ದೋಟಿ ಹಿಡಿಯುತ್ತೀರಿ. ದೋಟಿಗೆ ಎಟುಕದಿದ್ದರೆ ಕೊಡಲಿ ಹಿಡಿದು ಮರ ಹತ್ತುತ್ತೀರಿ. ಕಾಲು ಜಾರಿದರೆ ಸೊಂಟ ಮುರಿಯುತ್ತದೆ. ಪ್ರಾಣವೂ ಹೋಗಬಹುದು.

ಈಗ ಬ್ಯಾಟರಿಯಿಂದ ನಡೆಯುವ ಗರಗಸದ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊಂಬೆ ಕತ್ತರಿಸಬಹುದು. ಅದನ್ನು ಬಳಸುವುದು ಹೇಗೆ? ಎಲ್ಲಿ ಬಳಸಲೇಬಾರದು? ಓದೋಣ ಬನ್ನಿ.

ಯಂತ್ರ ಹೇಗಿದೆ?

ಸುಮಾರು 8ರಿಂದ 10 ಅಡಿ ಉದ್ದದ ಕೋಲು. ಕೋಲಿನ ತುದಿಯಲ್ಲಿ ಹಲ್ಲುಗಳಿರುವ ಸಣ್ಣ ಚೈನು. ಕೈ ಹಿಡಿಯುವ ಕಡೆ ಸ್ವಿಚ್ಚು ಮತ್ತು ಬ್ಯಾಟರಿ. ಸ್ವಿಚ್ಚು ಒತ್ತಿದರೆ ಚೈನು ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಚೈನಿಗೆ ಆಯಿಲ್ ಬೇಕು. ಆಯಿಲ್ ಇಲ್ಲದೆ ಓಡಿಸಿದರೆ ಚೈನು ಬಿಸಿಯಾಗಿ ಹಾಳಾಗುತ್ತದೆ.

ಕೆಲಸಕ್ಕೆ ಮೊದಲು

ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಹಾಕಿಕೊಳ್ಳಿ. ಸೆರಗು, ಟವೆಲ್ಲು ಇಳಿಬಿಡಬೇಡಿ. ಮರದ ಮೇಲೆ ಹೆಜ್ಜೇನು ಇದೆಯೇ ನೋಡಿ. ಮಕ್ಕಳು, ಮೇಕೆ, ದನ ದೂರ ಇರಲಿ. ಮಳೆ ಬಂದರೆ, ಗಾಳಿ ಜೋರಾಗಿದ್ದರೆ ಆ ದಿನ ಕೆಲಸ ಬೇಡ. ರಸ್ತೆ ಬದಿಯ ಮರ ನಿಮ್ಮದಲ್ಲ. ಪಂಚಾಯಿತಿಯವರನ್ನು ಕೇಳದೆ ಕೈ ಹಚ್ಚಬೇಡಿ.

ಕತ್ತರಿಸುವ ಕ್ರಮ

1. ಕೊಂಬೆಯ ಕೆಳಗೆ ನಿಲ್ಲಬೇಡಿ. ಪಕ್ಕದಲ್ಲಿ ನಿಂತು ಕೋಲನ್ನು ಓರೆಯಾಗಿ ಹಿಡಿಯಿರಿ. ಕೊಂಬೆ ಬಿದ್ದರೆ ಯಾವ ಕಡೆ ಓಡಬೇಕು ಅಂತ ಮೊದಲೇ ನೋಡಿಕೊಳ್ಳಿ.
2. ಎರಡೂ ಕೈಯಿಂದ ಹಿಡಿಯಿರಿ. ಏಣಿ ಹತ್ತಿ ಈ ಯಂತ್ರ ಓಡಿಸಬಾರದು.
3. ಉದ್ದ ಕೊಂಬೆಯನ್ನು ಒಂದೇ ಸಲಕ್ಕೆ ಕೆಡವಬೇಡಿ. ತುದಿಯಿಂದ ತುಂಡು ತುಂಡಾಗಿ ತೆಗೆಯಿರಿ.
4. ದಪ್ಪ ಕೊಂಬೆಗೆ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ಯಿರಿ. ಆಮೇಲೆ ಅಲ್ಲಿಂದ ತುಸು ತುದಿಯ ಕಡೆಗೆ ಮೇಲಿನಿಂದ ಕೊಯ್ಯಿರಿ. ಹೀಗೆ ಮಾಡಿದರೆ ಕೊಂಬೆ ಬೀಳುವಾಗ ಮರದ ತೊಗಟೆ ಸೀಳುವುದಿಲ್ಲ.
5. ಉಳಿದ ಮೋಟನ್ನು ಕೊನೆಗೆ ತೆಗೆಯಿರಿ. ಕೊಂಬೆಯ ಬುಡದಲ್ಲಿ ಉಬ್ಬು ಇರುತ್ತದೆ. ಉಬ್ಬನ್ನು ಬಿಟ್ಟು ಅದರ ಹೊರಗೆ ಕೊಯ್ಯಿರಿ. ಆ ಉಬ್ಬಿನಿಂದಲೇ ಗಾಯ ಮುಚ್ಚಿಕೊಳ್ಳುತ್ತದೆ.
6. ಚೈನು ಸಿಕ್ಕಿಕೊಂಡರೆ ಸ್ವಿಚ್ಚು ಬಿಡಿ. ಬ್ಯಾಟರಿ ತೆಗೆಯಿರಿ. ಆಮೇಲೆಯೇ ಚೈನಿಗೆ ಕೈ ಹಾಕಿ.

ಮೇಲೆ ತಂತಿ ಇದೆಯೇ?

"ಅಣ್ಣಾ, ಇದು ಬ್ಯಾಟರಿ ಮಿಷನ್ನು. ಶಾಕ್ ಹೊಡೆಯೋದಿಲ್ಲ" ಅಂತ ಯಾರಾದರೂ ಹೇಳಿಯಾರು. ನಂಬಬೇಡಿ. ಬ್ಯಾಟರಿ ಕೊಲ್ಲುವುದಿಲ್ಲ, ಮೇಲಿನ ತಂತಿ ಕೊಲ್ಲುತ್ತದೆ. ಬಹಳ ಯಂತ್ರಗಳ ಕೋಲು ಅಲ್ಯುಮಿನಿಯಂನದು. ಕೋಲು ತಂತಿಗೆ ತಾಗಿದರೆ ಕರೆಂಟು ನಿಮ್ಮ ಮೈಯಲ್ಲಿ ಹರಿದು ನೆಲಕ್ಕೆ ಇಳಿಯುತ್ತದೆ. ಹಸಿ ಕೊಂಬೆಯಲ್ಲೂ ಕರೆಂಟು ಹರಿಯುತ್ತದೆ. 11 ಸಾವಿರ ವೋಲ್ಟಿನ ತಂತಿಗೆ ತೀರಾ ಹತ್ತಿರ ಹೋದರೆ, ಮುಟ್ಟದಿದ್ದರೂ ಕರೆಂಟು ಹಾರಿ ಹೊಡೆಯಬಹುದು.

ಯಂತ್ರದ ಜೊತೆ ಬರುವ ಪುಸ್ತಕವನ್ನು ಓದಿಸಿ ಕೇಳಿ. ತಂತಿಯಿಂದ 15 ಮೀಟರ್, ಅಂದರೆ ಸುಮಾರು 50 ಅಡಿ ದೂರ ಇರಬೇಕು ಅಂತ ಕೆಲವು ಕಂಪನಿಗಳು ಬರೆದಿರುತ್ತವೆ. ಕೊಂಬೆ ತಂತಿಗೆ ತಾಗಿದ್ದರೆ ಒಂದು ಕಡ್ಡಿಯನ್ನೂ ಮುಟ್ಟಬೇಡಿ. ಲೈನ್‌ಮ್ಯಾನ್‌ಗೆ ಹೇಳಿ, ಇಲ್ಲವೇ 1912ಕ್ಕೆ ಫೋನ್ ಮಾಡಿ. ಕಂಬದ ಮೇಲೆ ನಂಬರ್ ಇದ್ದರೆ ಬರೆದುಕೊಂಡು ಹೇಳಿ. "ಕರೆಂಟು ಹೋಗಿದೆ, ಈಗಲೇ ಕೊಯ್ದು ಬಿಡೋಣ" ಅನ್ನಬೇಡಿ. ಹೋದ ಕರೆಂಟು ಯಾವ ಗಳಿಗೆಯಲ್ಲಾದರೂ ಬರುತ್ತದೆ.

ಯಾರಿಗಾದರೂ ಕರೆಂಟು ಹೊಡೆದರೆ ಅವರನ್ನು ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ. ಮೊದಲು ಲೈನು ಆಫ್ ಮಾಡಿಸಿ. 108ಕ್ಕೆ ಫೋನ್ ಮಾಡಿ.

ಬೋರ್ಡು ಓದಿ

ರಾಯದುರ್ಗ ಅನಂತಪುರ ಜಿಲ್ಲೆಯಲ್ಲಿದೆ. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆ ಬೇರೆಯಾದರೂ ಎರಡೂ ಕಡೆ ನಾವು ಮನೆಯಲ್ಲಿ ಕನ್ನಡ ಆಡುತ್ತೇವೆ, ಸರ್ಕಾರಿ ಬೋರ್ಡು ತೆಲುಗಿನಲ್ಲಿ ಇರುತ್ತದೆ. ತೆಲುಗು ಅಕ್ಷರಗಳ ತಲೆಕಟ್ಟು ಬೇರೆ. ಆದರೂ ಬಹಳ ಅಕ್ಷರಗಳು ನಮ್ಮ ಅಕ್ಷರಗಳ ಹಾಗೆಯೇ ಕಾಣುತ್ತವೆ. ನಿಧಾನವಾಗಿ ಕೂಡಿಸಿ ಓದಿ: ಪ್ರ-ಮಾ-ದಂ.

ಕನ್ನಡದಲ್ಲಿ 'ಪ್ರಮಾದ' ಅಂದರೆ ತಪ್ಪು. ತೆಲುಗಿನಲ್ಲಿ 'ಪ್ರಮಾದಂ' ಅಂದರೆ ಅಪಾಯ. ಅಕ್ಷರ ಓದಿದರೆ ಸಾಲದು, ಅರ್ಥವೂ ತಿಳಿದಿರಬೇಕು. ಕೆಂಪು ಬಣ್ಣದಲ್ಲಿ ತಲೆಬುರುಡೆ ಮತ್ತು ಎರಡು ಮೂಳೆಗಳ ಚಿತ್ರ ಕಂಡರೂ ಅದೇ ಅರ್ಥ. ಅಲ್ಲಿ ದೋಟಿ ಎತ್ತಬೇಡಿ.

ಹೊಸ ಪದಗಳು

ಗರಗಸ, ತೊಗಟೆ, ತಂತಿ, ಅಪಾಯ, ಎಚ್ಚರಿಕೆ

ಓದಿ ಉತ್ತರಿಸಿ

1. ದಪ್ಪ ಕೊಂಬೆಯನ್ನು ಮೊದಲು ಕೆಳಗಿನಿಂದ ಏಕೆ ಕೊಯ್ಯಬೇಕು?
2. ಬ್ಯಾಟರಿ ಯಂತ್ರ ಹಿಡಿದವರಿಗೂ ಶಾಕ್ ಹೊಡೆಯುವುದು ಹೇಗೆ?
3. 'ಪ್ರಮಾದಂ' ಎಂಬ ಬೋರ್ಡು ಕಂಡರೆ ಏನು ಮಾಡುತ್ತೀರಿ?

ಮಾಡಿ ನೋಡಿ

ನಿಮ್ಮ ಮನೆ ಮತ್ತು ಹೊಲದ ಮರಗಳ ಹೆಸರು ಬರೆಯಿರಿ. ತಂತಿಯ ಹತ್ತಿರ ಇರುವ ಮರದ ಮುಂದೆ 'ಅಪಾಯ' ಎಂದು ಬರೆಯಿರಿ. ಮನೆಯವರಿಗೆಲ್ಲ ಓದಿ ಹೇಳಿ.